ಅಮ್ಮನ ಅರವತ್ತಕ್ಕೆ ಕೊಡೈಕೆನಾಲ್: ಕೆರೆ ಕಾಣುವ ಕೋಣೆಗೆಂದು ಹೆಚ್ಚಿನ ಹಣ ಕೊಡಬೇಡಿ

ಮನೆಯ ಹಿರಿಯರ ಹುಟ್ಟುಹಬ್ಬವನ್ನು ಕೊಡೈಕೆನಾಲ್ ಕೆರೆಯ ದಡದಲ್ಲಿ ಆಚರಿಸಬೇಕೆಂದುಕೊಂಡವರು ಕೋಣೆ ಕಾದಿರಿಸುವ ಮೊದಲು ಇದನ್ನು ಓದಬೇಕೆಂಬುದು ನನ್ನ ಕೋರಿಕೆ. ಅಲ್ಲಿ ‘ಲೇಕ್ ವ್ಯೂ’ ಎಂಬ ಹೆಸರಿನಲ್ಲಿ ಬಾಡಿಗೆಗೆ ಸಿಗುವ ಕೋಣೆಗಳೆಲ್ಲವುಗಳಿಂದಲೂ ಕೆರೆ ಕಾಣುತ್ತದೆ ಎಂದು ನಂಬುವಂತಿಲ್ಲ.

ಅಮ್ಮನಿಗೆ ಮಂಡಿನೋವು ಇರುವುದರಿಂದ ಹೆಚ್ಚು ತಿರುಗಾಡದೆ, ಕಿಟಕಿಯ ಬಳಿ ಕುಳಿತೇ ನೀರು ನೋಡುವಂತಿರಲಿ ಎಂದು ಅಕ್ಕ, ಭಾವ ಮತ್ತು ನಾನು ಸಾಮಾನ್ಯ ಕೋಣೆಗಿಂತ ಒಂದೂವರೆ ಪಟ್ಟು ಬಾಡಿಗೆ ತೆತ್ತು ಅಂಥ ಕೋಣೆಯೊಂದನ್ನು ಹಿಡಿದೆವು. ಹೋಗಿ ನೋಡಿದರೆ ಕಿಟಕಿಯ ಎದುರಿಗೆ ಇದ್ದದ್ದು ಪಕ್ಕದ ಕಟ್ಟಡದ ತಗಡಿನ ಚಾವಣಿ. ಬಾಲ್ಕನಿಯ ತುದಿಗೆ ಹೋಗಿ ಕತ್ತು ಚಾಚಿದರೆ ನೀಲಗಿರಿ ಮರಗಳ ಸಂದಿಯಲ್ಲಿ ಒಂದು ತುಣುಕು ನೀರು ಕಾಣುತ್ತಿತ್ತು. ಮಧ್ಯಾಹ್ನ ಮಂಜು ಕವಿದ ಮೇಲೆ ಅದೂ ಇಲ್ಲ. ವಿಚಾರಿಸಿದಾಗ, ಮರಗಳು ಬೆಳೆದುಬಿಟ್ಟಿವೆ, ಕಡಿಯಲು ಅನುಮತಿಯಿಲ್ಲ ಎಂಬ ಉತ್ತರ ಬಂತು. ಮರ ಕಡಿಯಬಾರದೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಕಾಣದ ಕೆರೆಗೆ ಬಾಡಿಗೆ ವಸೂಲು ಮಾಡುವುದನ್ನು ಒಪ್ಪಲಾರೆ. ಇದರ ಮೇಲೆ, ಹುಟ್ಟುಹಬ್ಬದ ಅಲಂಕಾರ ಉಚಿತವೆಂದು ಫೋನಿನಲ್ಲಿ ಹೇಳಿದ್ದವರು ಕೊನೆಯ ದಿನದ ಬಿಲ್ಲಿನಲ್ಲಿ ಬಲೂನು, ಕೇಕು, ಹಾಸಿಗೆಯ ಮೇಲೆ ಉದುರಿಸಿದ್ದ ಗುಲಾಬಿ ಪಕಳೆ, ಎಲ್ಲಕ್ಕೂ ಬೇರೆ ಬೇರೆ ದರ ಹಾಕಿದ್ದರು. ಬಿಸಿನೀರು ಬರುತ್ತಿದ್ದುದು ಬೆಳಿಗ್ಗೆ ಎರಡು ಗಂಟೆಯ ಕಾಲ ಮಾತ್ರ. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದ ಊರಿನಲ್ಲಿ, ಅರವತ್ತು ದಾಟಿದವರಿಗೆ ಇದು ಸಣ್ಣ ತೊಂದರೆಯಲ್ಲ.

ಆದ್ದರಿಂದ ಮುಂಗಡ ಕಳುಹಿಸುವ ಮೊದಲು ನಿಮಗೆ ಕೊಡಲಿರುವ ಕೋಣೆಯಿಂದಲೇ ವಿಡಿಯೊ ಕರೆ ಮಾಡಿ ತೋರಿಸುವಂತೆ ಕೇಳಿ, ಅಲಂಕಾರದ ದರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಯಿಸಿಕೊಳ್ಳಿ. ರಸ್ತೆಯಿಂದ ಕೋಣೆಗೆ ಎಷ್ಟು ಮೆಟ್ಟಿಲುಗಳಿವೆ ಎಂಬುದನ್ನೂ ತಪ್ಪದೆ ವಿಚಾರಿಸಿ, ಏಕೆಂದರೆ ಅಲ್ಲಿಯ ವಸತಿಗೃಹಗಳಲ್ಲಿ ಹೆಚ್ಚಿನವು ಇಳಿಜಾರಿನ ಮೇಲಿವೆ. ನನ್ನ ಮಟ್ಟಿಗೆ ಹೇಳುವುದಾದರೆ, ನೋಟಕ್ಕೆ ಕೊಡುವ ಹಣವನ್ನು ಕೆರೆಯ ರಸ್ತೆಗೆ ಸಮೀಪವಿರುವ ಸಾಧಾರಣ ಕೋಣೆಗೆ ಕೊಡುವುದು ಲೇಸು.

ಕೆರೆಯನ್ನು ನಿಜವಾಗಿ ನೋಡುವ ಸ್ಥಳ ಆ ರಸ್ತೆಯೇ. ಮದುರೆಯ ಕಲೆಕ್ಟರ್ ಆಗಿದ್ದ ವಿಯರ್ ಹೆನ್ರಿ ಲೆವಿಂಜ್ 1863ರಲ್ಲಿ ತೊರೆಗೆ ಅಡ್ಡಗಟ್ಟೆ ಹಾಕಿಸಿ ನಿರ್ಮಿಸಿದ ಈ ಕೆರೆ ನಕ್ಷತ್ರದಾಕಾರದಲ್ಲಿ ಕವಲೊಡೆದಿರುವುದರಿಂದ, ಎಲ್ಲಿ ನಿಂತರೂ ಒಂದೇ ನೋಟಕ್ಕೆ ಪೂರ್ತಿ ಕಾಣುವುದಿಲ್ಲ. ಪ್ರತಿ ತಿರುವಿನಲ್ಲಿ ಹೊಸದೊಂದು ಕವಲು ತೆರೆದುಕೊಳ್ಳುತ್ತದೆ. ಸುತ್ತಳತೆ ಸುಮಾರು 5 ಕಿಲೋಮೀಟರ್, ದಾರಿ ಬಹುಮಟ್ಟಿಗೆ ಸಮತಟ್ಟು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ನಡೆಯುವ ಮೈಸೂರಿನವರಿಗೆ ಇದು ಕಷ್ಟವೇನಲ್ಲ. ಬೆಳಿಗ್ಗೆ 8ರೊಳಗೆ ಹೋಗಬೇಕು. ಆಮೇಲೆ ಬಾಡಿಗೆ ಸೈಕಲ್, ಕುದುರೆ, ಕಾರುಗಳ ನಡುವೆ ವಯಸ್ಸಾದವರನ್ನು ನಡೆಸುವುದು ಅಪಾಯ. ದೋಣಿಯಲ್ಲಿ ಹೋಗುವುದಾದರೆ ಪೆಡಲ್ ದೋಣಿ ಬೇಡ, ಮಂಡಿಗೆ ಹಿಂಸೆ. ಹುಟ್ಟು ಹಾಕುವವರಿರುವ ದೋಣಿಯನ್ನೇ ಕೇಳಿ ಪಡೆಯಿರಿ.

ಹುಟ್ಟುಹಬ್ಬದ ಊಟ ಮಾತ್ರ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಆಯಿತು. ಬಸ್ ನಿಲ್ದಾಣದಿಂದ ಇಳಿಯುವ ಓಣಿಯೊಂದರಲ್ಲಿ ತಾಯಿ ಮತ್ತು ಮಗ ನಡೆಸುವ, ನಾಲ್ಕೇ ಮೇಜುಗಳ ಮೆಸ್ಸಿಗೆ ಹೋಗಿದ್ದೆವು. ಬಾಳೆಲೆಯ ಮೇಲೆ ಬಿಸಿ ಅನ್ನ, ಬೆಟ್ಟದ ಬೀನ್ಸ್ ಮತ್ತು ಕ್ಯಾರೆಟ್ಟಿನ ಪಲ್ಯ, ಸೀಮೆಬದನೆಯ ಕೂಟು, ಹಪ್ಪಳ, ಮಜ್ಜಿಗೆ. ಎಲ್ಲಕ್ಕಿಂತ ಮಿಗಿಲಾದದ್ದು ಮೆಣಸಿನ ರಸಂ: ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಆ ಬೆಟ್ಟದ ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಜಜ್ಜಿ ಹಾಕಿದ ಅದರ ಘಾಟಿಗೆ ಚಳಿ ಹಿಡಿದಿದ್ದ ಗಂಟಲು ಸಡಿಲವಾಯಿತು. ಅಮ್ಮ ಅದನ್ನು ಲೋಟದಲ್ಲಿ ಮತ್ತೆ ಮತ್ತೆ ಕೇಳಿ ಕುಡಿದರು. ತಲೆಗೆ 90 ರೂಪಾಯಿ, ಕೇಳಿದಷ್ಟೂ ಬಡಿಸಿದರು. ಅಂದು ಅಮ್ಮನ ಹುಟ್ಟುಹಬ್ಬವೆಂದು ತಿಳಿದಾಗ ಆ ತಾಯಿ ಮೊದಲು ಕೇಳಿದ್ದು ನಕ್ಷತ್ರ ಯಾವುದೆಂದು. ಕುರಿಂಜಿ ಆಂಡವರ್ ಗುಡಿಗೆ ಹೋಗಿ ಅರ್ಚನೆ ಮಾಡಿಸಿ ಎಂದು ತಾವೇ ಆಟೋದವರನ್ನು ಕರೆದು ಬಾಡಿಗೆ ಮಾತನಾಡಿ ಕೊಟ್ಟರು. ಹಿಂದೂ ಧರ್ಮ ಸ್ವೀಕರಿಸಿದ ವಿದೇಶಿ ಮೂಲದ ಮಹಿಳೆಯೊಬ್ಬರು 1936ರಲ್ಲಿ ಕಟ್ಟಿಸಿದ ಮುರುಗನ ಗುಡಿಯದು. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಪಳನಿಯ ಬೆಟ್ಟ ಕಾಣುತ್ತದೆ, ನಮಗೆ ಕಂಡಿತು. ಗುಡಿಗೆ ಹೆಸರು ಕೊಟ್ಟ ಕುರಿಂಜಿ ಹೂವು 12 ವರ್ಷಕ್ಕೊಮ್ಮೆ ಅರಳುವಂಥದು, ಹಿಂದಿನ ಬಾರಿ ಅರಳಿದ್ದು 2018ರಲ್ಲಿ.

ಪಿಲ್ಲರ್ ರಾಕ್ಸ್, ಗುಣಾ ಗುಹೆಗಳ ಕಡೆ ರಜಾದಿನಗಳಲ್ಲಿ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರಿನೊಳಗೆ ಕಳೆಯುವ ಸಮಯವೇ ಹೆಚ್ಚು. ಗದ್ದಲ ಸಹಿಸಬಲ್ಲವರಿಗೆ ಬೇರೆ ಅಭಿಪ್ರಾಯವಿರಬಹುದು. ಕೋಕರ್ಸ್ ವಾಕ್ ಒಂದು ಕಿಲೋಮೀಟರಿನಷ್ಟು ಉದ್ದದ ಕಾಲುದಾರಿ, ಬೆಳಿಗ್ಗೆ ಬೇಗ ಹೋದರೆ ಹಿರಿಯರಿಗೂ ಹಿತ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಅಮ್ಮ ಬಹಳ ಇಷ್ಟಪಟ್ಟದ್ದು ಸೌರ ವೀಕ್ಷಣಾಲಯವನ್ನು. ಸೂರ್ಯನ ಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಕೊಂಡದ್ದು ಅಲ್ಲಿಯೇ. ಈಗ ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ಪ್ರಯಾಣಕ್ಕೆ ಮೈಸೂರಿನಿಂದ ಬೆಂಗಳೂರಿನ ಮೂಲಕ ಹೋಗುವ ತೂತ್ತುಕುಡಿ ಎಕ್ಸ್‌ಪ್ರೆಸ್ ಅನುಕೂಲಕರ. ಕೊಡೈ ರೋಡ್ ನಿಲ್ದಾಣದಲ್ಲಿ ಇಳಿದರೆ ಬೆಟ್ಟದ ಮೇಲಿನ ಊರು ಇನ್ನೂ ಸುಮಾರು 80 ಕಿಲೋಮೀಟರ್ ದೂರವಿರುತ್ತದೆ. ನಿಲ್ದಾಣದ ಹೆಸರು ನೋಡಿ ಊರು ಬಂತೆಂದು ತಿಳಿಯಬೇಡಿ, ಟ್ಯಾಕ್ಸಿಯ ದರವನ್ನು ಹಿಂದಿನ ದಿನವೇ ಮಾತನಾಡಿಕೊಳ್ಳಿ. ಸ್ವಂತ ವಾಹನದಲ್ಲಿ ಹೋಗುವವರಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂದಿದೆ. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ ದಿನಕ್ಕೆ 4,000, ವಾರಾಂತ್ಯದಲ್ಲಿ ದಿನಕ್ಕೆ 6,000 ವಾಹನಗಳ ಮಿತಿಯನ್ನೂ ವಿಧಿಸಲಾಗಿತ್ತು. ಏಪ್ರಿಲ್‌ನಿಂದ ಜೂನ್‌ವರೆಗಿನ ಹುಟ್ಟುಹಬ್ಬವಾದರೆ ಕೋಣೆಗಿಂತ ಮೊದಲು ಪಾಸ್ ಪಡೆದುಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ದಂಡವಿರುವುದರಿಂದ ಹಿರಿಯರ ಮಾತ್ರೆಗೆ ಬೇಕಾದ ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಘಾಟಿಯ ತಿರುವುಗಳಲ್ಲಿ ವಾಂತಿಯಾಗುವವರಿದ್ದರೆ ವತ್ತಲಗುಂಡು ಊರಿನಲ್ಲಿ ಇಡ್ಲಿಯಷ್ಟೇ ತಿಂದು ಹತ್ತುವುದು ಒಳ್ಳೆಯದು. ಅಲ್ಲಿಂದ ಮುಂದೆ ಪೂರ್ತಿ ಏರುದಾರಿ.