ಎಡ್ಮಂಡ್ ಏಕೆ ಹಾರಿದ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

‘ಜರ್ಮನಿ ಇಯರ್ ಝೀರೋ’ ಚಿತ್ರವನ್ನು ಯಾರಿಗೆ ತೋರಿಸಿದರೂ, ಯಾರಿಗೆ ನೋಡಲು ಹೇಳಿದರೂ ಕೊನೆಗೆ ನನ್ನ ಬಳಿಗೆ ಬರುವ ಪ್ರಶ್ನೆ ಒಂದೇ: ಹನ್ನೆರಡು ವರ್ಷದ ಆ ಹುಡುಗ ಪಾಳುಬಿದ್ದ ಕಟ್ಟಡದ ಮೇಲಿಂದ ಏಕೆ ಹಾರಿದ? ಕೆಲವರು ಇದನ್ನು ಸಂಕಟದಿಂದ ಕೇಳುತ್ತಾರೆ, ಕೆಲವರು ನಿರ್ದೇಶಕನ ಮೇಲಿನ ಸಿಟ್ಟಿನಿಂದ ಕೇಳುತ್ತಾರೆ. ಬಹಳಷ್ಟು ಮಂದಿ ಉತ್ತರವನ್ನೂ ಜೊತೆಯಲ್ಲೇ ತಂದಿರುತ್ತಾರೆ: ಪಾಪಪ್ರಜ್ಞೆಯಲ್ಲವೇ? ಅಲ್ಲವೆಂದು ನಾನು ಹೇಳಲಾರೆ, ಅಷ್ಟೇ ಎಂದು ಒಪ್ಪಲೂ ಆರೆ. ಕಥೆಯನ್ನು ಪೂರ್ತಿಯಾಗಿ ಬಿಚ್ಚದೆ ಉತ್ತರ ಹೇಳಲು ಬರುವುದಿಲ್ಲವಾದ್ದರಿಂದ, ಚಿತ್ರವನ್ನು ಇನ್ನೂ ನೋಡದವರು ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ, ನೋಡಿ ಬಂದ ಮೇಲೆ ಮುಂದುವರಿಸಬಹುದು.

ಇಟಲಿಯ ರೊಬೆರ್ತೊ ರೊಸೆಲಿನಿ ಈ ಚಿತ್ರದ ಹೊರಾಂಗಣ ದೃಶ್ಯಗಳನ್ನು 1947ರ ಬೇಸಿಗೆಯ ಕೊನೆಯಲ್ಲಿ ಬರ್ಲಿನ್ ನಗರದಲ್ಲಿ ಚಿತ್ರಿಸಿದರು. ಚಿತ್ರ 1948ರಲ್ಲಿ ತೆರೆಗೆ ಬಂತು. ‘ರೋಮ್, ಓಪನ್ ಸಿಟಿ’ (1945), ‘ಪೈಸಾ’ (1946) ಚಿತ್ರಗಳ ನಂತರ ಬಂದ, ಅವರ ಯುದ್ಧತ್ರಿವಳಿಯ ಮೂರನೆಯ ಚಿತ್ರವಿದು. ಮೊದಲೆರಡರಲ್ಲಿ ಅವರ ಕ್ಯಾಮೆರಾ ಜರ್ಮನ್ ಸೈನ್ಯದ ಕೈಯಲ್ಲಿ ನರಳಿದವರ ಕಡೆಗಿತ್ತು. ಮೂರನೆಯದರಲ್ಲಿ ಅದು ಸೋತ ಶತ್ರುವಿನ ಮನೆಯೊಳಗೆ ಹೋಗಿ ಕುಳಿತಿತು. ಆಗಿನ ಬರ್ಲಿನ್ ನಾಲ್ಕು ದೇಶಗಳ ಸೈನ್ಯಗಳ ನಡುವೆ ಹಂಚಿಹೋದ, ಸುಮಾರು 7.5 ಕೋಟಿ ಘನ ಮೀಟರಿನಷ್ಟು ಇಟ್ಟಿಗೆ ಗಾರೆಯ ರಾಶಿಯ ಮೇಲೆ ಬದುಕುತ್ತಿದ್ದ ನಗರ. (ಆ ರಾಶಿಯ ಒಂದು ಭಾಗವನ್ನು ಮುಂದೆ ನಗರದ ಪಶ್ಚಿಮದ ಕಾಡಿನಲ್ಲಿ ಸುರಿದು ಸುರಿದು, ಅದೇ ಒಂದು ಗುಡ್ಡವಾಗಿ ಇಂದಿಗೂ ನಿಂತಿದೆ.) 1946-47ರ ಚಳಿಗಾಲ ಭೀಕರವಾಗಿತ್ತು, ಟಿಯರ್‌ಗಾರ್ಟನ್ ಉದ್ಯಾನದ ಮರಗಳನ್ನು ಜನ ಸೌದೆಗಾಗಿ ಕಡಿದು, ಆ ಜಾಗದಲ್ಲಿ ತರಕಾರಿ ಬೆಳೆದರು. ಮಾರ್ಕ್ ನೋಟಿಗಿಂತ ಸಿಗರೇಟಿಗೆ ಬೆಲೆ ಹೆಚ್ಚಿತ್ತು.

ನನ್ನ ಉತ್ತರ ಶುರುವಾಗುವುದು ಎಡ್ಮಂಡನ ಮನೆಯ ಲೆಕ್ಕದಿಂದ. ಮನೆಯಲ್ಲಿ ನಾಲ್ಕು ಬಾಯಿಗಳಿವೆ, ರೇಷನ್ ಕಾರ್ಡುಗಳು ಮೂರೇ. ಹಾಸಿಗೆ ಹಿಡಿದ ತಂದೆ, ಅಕ್ಕ ಏವಾ, ಎಡ್ಮಂಡ್, ಈ ಮೂವರಿಗೆ ಕಾರ್ಡಿದೆ. ಕೊನೆಯ ದಿನದವರೆಗೂ ಸೈನ್ಯದಲ್ಲಿ ಹೋರಾಡಿದ ಅಣ್ಣ ಕಾರ್ಲ್‌ಹೈಂಜ್, ಪೊಲೀಸರು ತನ್ನನ್ನು ಹಿಡಿದು ಶಿಬಿರಕ್ಕೆ ಕಳಿಸಿಯಾರೆಂಬ ಭಯದಿಂದ ಹೆಸರು ನೋಂದಾಯಿಸದೆ ಮನೆಯೊಳಗೇ ಅಡಗಿದ್ದಾನೆ, ಹೆಸರಿಲ್ಲದವನಿಗೆ ಕಾರ್ಡಿಲ್ಲ. ಏವಾ ರಾತ್ರಿ ಕ್ಲಬ್ಬುಗಳಿಗೆ ಹೋಗಿ ವಿದೇಶಿ ಸೈನಿಕರಿಂದ ಸಿಗರೇಟು ತರುತ್ತಾಳೆ, ಅದಕ್ಕಿಂತ ಮುಂದೆ ಹೋಗಲು ಅವಳಿಗೆ ಮನಸ್ಸಿಲ್ಲ. ಹೀಗೆ ಸಂಸಾರದ ಭಾರ ಹನ್ನೆರಡರ ಹುಡುಗನ ಹೆಗಲಿಗೆ ಬೀಳುತ್ತದೆ. ಇದನ್ನು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಕಾರಣ ಹೇಳಿ ಪಕ್ಕಕ್ಕೆ ಸರಿದಾಗ ಉಳಿದವನು ಅವನು.

ಚಿತ್ರದ ಮೊದಲ ದೃಶ್ಯದಲ್ಲೇ ಅವನು ಸ್ಮಶಾನದಲ್ಲಿ ಗುಂಡಿ ತೋಡುವ ಕೂಲಿಗೆ ನಿಂತಿರುತ್ತಾನೆ. ವಯಸ್ಸು ಹೆಚ್ಚಿಸಿ ಹೇಳುತ್ತಾನೆ, ಸಿಕ್ಕಿಬೀಳುತ್ತಾನೆ, ಓಡಿಸುತ್ತಾರೆ. ದಾರಿಯಲ್ಲಿ ಸತ್ತು ಬಿದ್ದ ಕುದುರೆಯ ಸುತ್ತ ಮಾಂಸಕ್ಕಾಗಿ ಜನ ಮುಗಿಬಿದ್ದಿದ್ದಾರೆ. ಅಲ್ಲಿಂದಲೂ ಅವನನ್ನು ದಬ್ಬುತ್ತಾರೆ. ಲಾರಿಯಿಂದ ಉದುರಿದ ಕಲ್ಲಿದ್ದಲಿನ ಚೂರುಗಳನ್ನು ಆಯ್ದುಕೊಳ್ಳುತ್ತಾನೆ. ಮನೆಯ ಮಾಲೀಕ ಮಾರಿಕೊಂಡು ಬಾ ಎಂದು ಕೊಟ್ಟ ತೂಕದ ಯಂತ್ರವನ್ನು ಹೊತ್ತು ಹೋದರೆ, ಒಬ್ಬ ಯಂತ್ರವನ್ನು ಇಟ್ಟುಕೊಂಡು ದುಡ್ಡಿನ ಬದಲು ಎರಡು ಡಬ್ಬಿ ಮಾಂಸ ಕೊಟ್ಟು ಸಾಗಹಾಕುತ್ತಾನೆ. ಮನೆಗೆ ಬಂದರೆ ಮಾಲೀಕನ ಬೈಗುಳ. ಕೂಲಿ ಕೇಳಿದರೆ ಅವನು ಮಗು, ಮೋಸಹೋದರೆ ಬೈಸಿಕೊಳ್ಳುವಾಗ ದೊಡ್ಡವನು. ಈ ಚಿತ್ರದಲ್ಲಿ ನಗರ ಅವನೊಂದಿಗೆ ನಡೆದುಕೊಳ್ಳುವುದು ಉದ್ದಕ್ಕೂ ಹೀಗೆಯೇ.

ನಂತರ ಹಳೆಯ ಮೇಷ್ಟರು ಹೆನ್ನಿಂಗ್ ಸಿಗುತ್ತಾನೆ. ನಾಜಿ ನಂಬಿಕೆಗಳ ಕಾರಣಕ್ಕೆ ಶಾಲೆಯಿಂದ ಹೊರಬಿದ್ದವನು, ಹುಡುಗನ ಕೆನ್ನೆ ಕತ್ತು ಸವರುತ್ತ ಮಾತಾಡುವವನು. ಅವನು ಎಡ್ಮಂಡನ ಕೈಗೆ ಒಂದು ಗ್ರಾಮಫೋನ್ ತಟ್ಟೆ ಕೊಟ್ಟು, ವಿದೇಶಿ ಸೈನಿಕರಿಗೆ ಮಾರಿ ಬಾ ಎಂದು ಕಳಿಸುತ್ತಾನೆ. ತಟ್ಟೆಯಲ್ಲಿರುವುದು ಹಿಟ್ಲರನ ಭಾಷಣ. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿರುವುದು ಮುಂದಿನ ದೃಶ್ಯ. ಹಿಟ್ಲರ್ ಕುಳಿತು ಆಳಿದ ಚಾನ್ಸಲರಿಯ ಅವಶೇಷಗಳ ನಡುವೆ ಹುಡುಗ ಪೆಟ್ಟಿಗೆಯನ್ನಿಟ್ಟು ತಟ್ಟೆ ಹಚ್ಚುತ್ತಾನೆ. ಗೆಲುವಿನ ಭರವಸೆ ಕೊಡುವ ಆ ಧ್ವನಿ ಛಾವಣಿಯಿಲ್ಲದ ಗೋಡೆಗಳ ಮೇಲೆ ಹರಿದುಹೋಗುತ್ತದೆ. ಅಲ್ಲೇ ಹಾದು ಹೋಗುತ್ತಿದ್ದ ಮುದುಕನೊಬ್ಬ, ಜೊತೆಗಿದ್ದ ಮಗು, ಒಂದು ಕ್ಷಣ ನಿಂತುಬಿಡುತ್ತಾರೆ. ಸೈನಿಕರು ವ್ಯಾಪಾರ ಮುಗಿಸಿಕೊಂಡು ಹೋಗುತ್ತಾರೆ. ಅವರಿಗೆ ಅದು ಊರಿಗೆ ಒಯ್ಯುವ ನೆನಪಿನ ವಸ್ತು, ಮೇಷ್ಟರಿಗೆ ದುಡ್ಡು, ಹುಡುಗನಿಗೆ ಹತ್ತು ಮಾರ್ಕಿನ ಕೂಲಿ. ಆಡಿದವನು ಸತ್ತ ಮೇಲೂ ಮಾತು ಊರಲ್ಲಿ ಉಳಿದುಕೊಂಡು, ಕೈಯಿಂದ ಕೈಗೆ ಮಾರಾಟವಾಗುತ್ತದೆ. ದೊಡ್ಡವರ ಮಾತು ಈ ಹುಡುಗನಿಗೆ ಏನು ಮಾಡಲಿದೆ ಎಂಬುದನ್ನು ಚಿತ್ರ ಇಲ್ಲಿ ಮೊದಲ ಸಲ ಸೂಚಿಸುತ್ತದೆ ಎಂದು ನಾನು ಓದಿಕೊಂಡಿದ್ದೇನೆ.

ಏಕೆಂದರೆ ಮುಂದೆ ಅವನ ಕಿವಿಗೆ ಬೀಳುವುದೆಲ್ಲ ಒಂದೇ ದಿಕ್ಕಿನ ಮಾತು. ತಂದೆ ಹಾಸಿಗೆಯಲ್ಲಿ ಮಲಗಿ, ನಾನು ನಿಮಗೆ ಹೊರೆ, ನಾನು ಸತ್ತರೆ ನೀವಾದರೂ ಬದುಕುತ್ತೀರಿ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಮಾಲೀಕನಿಗೂ ಆ ರೋಗಿ ಬೇಡ, ಅದನ್ನು ಅವನು ಮುಚ್ಚಿಡುವುದೂ ಇಲ್ಲ. ನಗರದ ಆಡಳಿತವೂ, ತನ್ನದೇ ಕಾರಣಗಳಿಗಾಗಿ, ಬೇರೇನೂ ಹೇಳುತ್ತಿರಲಿಲ್ಲ: ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಬರ್ಲಿನ್ನಿನ ರೇಷನ್ನಿಗೆ ಐದು ದರ್ಜೆಗಳಿದ್ದವು, ದುಡಿಯದ ಮುದುಕರಿಗೆ, ಗೃಹಿಣಿಯರಿಗೆ ಸಿಗುತ್ತಿದ್ದದ್ದು ಐದನೆಯದು, ಅದನ್ನು ಊರಿನವರು ಸ್ವರ್ಗಾರೋಹಣದ ಕಾರ್ಡು ಎಂದು ಕರೆಯುತ್ತಿದ್ದರು. ಎಡ್ಮಂಡ್ ತಂದೆಯ ವಿಚಾರ ಹೇಳಿಕೊಂಡು ಬಂದಾಗ ಮೇಷ್ಟರು ಕೊಡುವ ಉತ್ತರವೂ ಅದೇ, ಸ್ವಲ್ಪ ದೊಡ್ಡ ಪದಗಳಲ್ಲಿ: ದುರ್ಬಲರು ಅಳಿಯಬೇಕು, ಬಲಶಾಲಿಗಳು ಉಳಿಯಬೇಕು, ಅದು ಪ್ರಕೃತಿ.

ತಂದೆ ಕೆಲವು ದಿನ ಆಸ್ಪತ್ರೆಗೆ ಸೇರಿ ಹೊಟ್ಟೆತುಂಬ ಉಂಡು ಚೇತರಿಸಿಕೊಂಡಿರುತ್ತಾನೆ. ಸಾಯಬೇಕು ಎನ್ನುವ ಮುದುಕನಿಗೆ ಊಟ ರುಚಿಸುತ್ತದೆ; ಬಾಯಲ್ಲಿ ಸಾವು, ನಾಲಿಗೆಗೆ ಸಾರು. ನಮ್ಮ ಮನೆಗಳ ಹಿರಿಯರು ‘ಆ ಯಮನಿಗೂ ನಾನು ಬೇಡವಾದೆ’ ಎಂದು ಗೊಣಗಿ, ಮರುಗಳಿಗೆಯಲ್ಲೇ ಕಾಫಿ ಆಯಿತೇ ಎಂದು ಕೇಳುವುದು ನಮಗೆ ಗೊತ್ತು, ಹಾಗಾಗಿ ಆ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದೂ ಗೊತ್ತು. ಹುಡುಗನಿಗೆ ಆ ತಿಳಿವಳಿಕೆ ಇನ್ನೂ ಬಂದಿಲ್ಲ. ಅವನು ಆಸ್ಪತ್ರೆಯಿಂದ ವಿಷದ ಬಾಟಲಿ ಎತ್ತಿಕೊಂಡು ಬಂದಿದ್ದಾನೆ. ತಂದೆ ಮನೆಗೆ ಮರಳಿ ಹಾಸಿಗೆಯಲ್ಲಿ ಕುಳಿತು ತನ್ನ ನಿರಾಸೆಯ ಮಾತನ್ನು ಆಡುತ್ತಲೇ ಇರುವಾಗ ಮಗ ಆಚೆ ಚಹಾ ತಯಾರಿಸುತ್ತಾನೆ. ಅವನ ಮುಖದಲ್ಲಿ ದ್ವೇಷವಿಲ್ಲ, ಅಳುವಿಲ್ಲ, ಹೇಳಿದ ಕೆಲಸವನ್ನು ಸರಿಯಾಗಿ ಮಾಡಬೇಕೆಂಬ ಗಮನವೊಂದೇ ಇದೆ. ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾ ಈ ಚಿತ್ರವನ್ನು ಮೆಚ್ಚಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ: ಮಗುವಿನ ಮುಖದಿಂದ ನಮ್ಮ ಕಣ್ಣೀರು ಹಿಂಡುವ ಕೆಲಸವನ್ನು ಅದು ಮಾಡುವುದಿಲ್ಲ.

ಹೀಗಾಗಿ ನನ್ನ ಉತ್ತರದ ಮೊದಲ ಭಾಗ ಇಷ್ಟು. ಇಡೀ ಚಿತ್ರದಲ್ಲಿ ದೊಡ್ಡವರ ಮಾತನ್ನು ಅಕ್ಷರಶಃ ನಂಬಿದವನು, ನಂಬಿ ಅದರಂತೆ ನಡೆದವನು ಎಡ್ಮಂಡ್ ಒಬ್ಬನೇ. ಎರಡನೆಯ ಭಾಗ, ಆಡಿದವರೆಲ್ಲ ತಮ್ಮ ಮಾತಿನಿಂದ ಹಿಂದೆ ಸರಿದದ್ದು. ತಂದೆ ಸತ್ತ ಮೇಲೆ ಅವನು ಮೇಷ್ಟರ ಬಳಿಗೆ ಓಡಿ, ನೀವು ಹೇಳಿದಂತೆ ಮಾಡಿದ್ದೇನೆ ಎನ್ನುತ್ತಾನೆ. ಹೆನ್ನಿಂಗ್ ಬೆಚ್ಚಿಬೀಳುತ್ತಾನೆ, ನಾನೇನೂ ಹೇಳಲಿಲ್ಲ ಎನ್ನುತ್ತಾನೆ, ಹುಡುಗನನ್ನೇ ರಾಕ್ಷಸನೆಂದು ಬೈಯುತ್ತಾನೆ. ಎಡ್ಮಂಡ್ ನಿರೀಕ್ಷಿಸಿದ್ದು ಶಹಬ್ಬಾಸ್ ಎಂಬ ಮಾತೋ, ಕ್ಷಮೆಯೋ, ಶಿಕ್ಷೆಯೋ, ಅದು ಚಿತ್ರದಲ್ಲಿಲ್ಲ. ಆದರೆ ಮಾಡಿದ್ದನ್ನು ಅವನ ಜೊತೆ ಹೊರಲು ಒಬ್ಬ ದೊಡ್ಡವನು ಬೇಕಿತ್ತು, ಅಂಥವನು ಸಿಗಲಿಲ್ಲ.

ಆಮೇಲೆ ಬರುವ ಹತ್ತು ಹನ್ನೆರಡು ನಿಮಿಷಗಳಲ್ಲಿ ಮಾತು ಬಹುತೇಕ ಇಲ್ಲ. ಈ ಚಿತ್ರವನ್ನು ತಾನು ಮಾಡಿದ್ದೇ ಮಗು ಅವಶೇಷಗಳ ನಡುವೆ ಒಂಟಿಯಾಗಿ ಅಲೆಯುವ ಈ ಭಾಗಕ್ಕಾಗಿ ಎಂಬ ಅರ್ಥದಲ್ಲಿ ರೊಸೆಲಿನಿ ಮುಂದೆ ಹೇಳಿಕೊಂಡಿದ್ದುಂಟು. ಈ ಭಾಗವನ್ನು ಪಾಪಪ್ರಜ್ಞೆಯ ನಡಿಗೆ ಎಂದು ಕರೆಯುವವರು ಹುಡುಗ ಅಲ್ಲಿ ಏನು ಮಾಡುತ್ತಾನೆ ಎಂಬುದನ್ನು ಇನ್ನೊಮ್ಮೆ ನೋಡಬೇಕು. ಅವನು ಆಡುತ್ತಾನೆ. ರಸ್ತೆಯ ಅಂಚಿನಲ್ಲಿ ಕುಂಟುತ್ತ ನೆಗೆಯುತ್ತಾನೆ, ಕಲ್ಲು ಒದೆಯುತ್ತಾನೆ, ಚೆಂಡಾಡುವ ಮಕ್ಕಳ ಬಳಿ ಹೋಗುತ್ತಾನೆ, ಅವರು ಸೇರಿಸಿಕೊಳ್ಳುವುದಿಲ್ಲ. ಕಳ್ಳತನ ಕಲಿಸಿದ ಯೋ, ಕ್ರಿಸ್ಟಲ್ ಎಂಬ ಹದಿಹರೆಯದವರಿಗೂ ಅವನು ಬೇಡ, ಅವರ ಕಣ್ಣಿಗೆ ಅವನಿನ್ನೂ ಚಿಕ್ಕವನು. ಬಾಂಬಿಗೆ ಮುರಿದ ಚರ್ಚಿನಿಂದ ಆರ್ಗನ್ ವಾದ್ಯ ಕೇಳಿಬರುತ್ತದೆ, ದಾರಿಹೋಕರು ನಿಲ್ಲುತ್ತಾರೆ, ಅವನೂ ನಿಂತು ಮತ್ತೆ ಹೊರಡುತ್ತಾನೆ. ಮನೆಯೆದುರಿನ ಪಾಳುಕಟ್ಟಡ ಹತ್ತಿ, ಕಬ್ಬಿಣದ ಚೂರೊಂದನ್ನು ಪಿಸ್ತೂಲಿನಂತೆ ಹಿಡಿದು ಗುರಿಯಿಡುತ್ತಾನೆ, ಜಾರುಬಂಡೆಯಂತೆ ಜಾರುತ್ತಾನೆ. ಕೆಳಗೆ ತಂದೆಯ ಶವಪೆಟ್ಟಿಗೆ ಹೊರಡುತ್ತದೆ. ಅಕ್ಕ ಹೆಸರು ಹಿಡಿದು ಕೂಗುತ್ತಾಳೆ. ದೊಡ್ಡವರ ಕೆಲಸ ಮಾಡಿ ಮುಗಿಸಿದವನು ಮಗುವಾಗಿ ಮರಳಲು ಒಂದೊಂದೇ ಬಾಗಿಲು ತಟ್ಟಿ ನೋಡುತ್ತಿದ್ದಾನೆ ಎಂದೇ ನನಗನ್ನಿಸುವುದು. ಒಂದೂ ತೆರೆಯದಿದ್ದಾಗ ಹಾರುತ್ತಾನೆ.

ಗೋವಿನ ಹಾಡಿನ ಹುಲಿಯೂ ಹೀಗೆಯೇ ಹಾರಿ ಪ್ರಾಣ ಬಿಟ್ಟಿತಲ್ಲವೇ ಎಂದು ಹಿರಿಯರೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಕನ್ನಡದವರಿಗೆ ಬೇಗ ಹೊಳೆಯುವ ಹೋಲಿಕೆ, ಒಳ್ಳೆಯ ಹೋಲಿಕೆಯೂ ಹೌದು, ಆದರೆ ಅದು ನಿಲ್ಲುವುದು ವ್ಯತ್ಯಾಸದ ಮೇಲೆ. ಆ ಹುಲಿಯ ಎದುರಿಗೆ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಹಸುವೊಂದು ನಿಂತಿತ್ತು. ಅದನ್ನು ನೋಡಿ ಹುಲಿಗೆ ತಾನೇನೆಂದು ತಿಳಿಯಿತು. ಎಡ್ಮಂಡನ ಎದುರು ಆಡಿದ ಮಾತಿಗೆ ನಿಂತವರು ಒಬ್ಬರೂ ಇರಲಿಲ್ಲ.

ಚಿತ್ರದ ಆರಂಭದಲ್ಲಿ ಬರುವ ಮುನ್ನುಡಿ ನೀತಿಯಿಂದ, ಕ್ರೈಸ್ತ ದಯೆಯಿಂದ ದೂರ ಸರಿದ ಸಿದ್ಧಾಂತಗಳನ್ನು ದೂರುತ್ತದೆ. ಹುಡುಗನನ್ನು ಕೊಂದದ್ದು ಸಿದ್ಧಾಂತ ಎಂದು ಕೆಲವರು ಅದನ್ನೇ ಎತ್ತಿ ನನಗೆ ತೋರಿಸುತ್ತಾರೆ. ಮುನ್ನುಡಿಗಿಂತ ಚಿತ್ರ ಹೆಚ್ಚು ಪ್ರಾಮಾಣಿಕವಾಗಿದೆ ಎಂಬುದು ನನ್ನ ಅಭಿಪ್ರಾಯ. ಹಸಿವಿಲ್ಲದಿದ್ದರೆ ಮೇಷ್ಟರ ಸಿದ್ಧಾಂತಕ್ಕೆ ಆ ಮನೆಯಲ್ಲಿ ಕೆಲಸವೇ ಇರಲಿಲ್ಲ. ಹಸಿವು ಚಿತ್ರದ ಹೊರಗೂ ಇತ್ತು: ಒಳಾಂಗಣ ದೃಶ್ಯಗಳಿಗಾಗಿ ನಟರನ್ನು ರೋಮಿಗೆ ಕರೆದೊಯ್ದಾಗ, ಸೆಟ್ ಸಿದ್ಧವಾಗುವವರೆಗೆ ಕಾಯುತ್ತ ಇಟಲಿಯ ಊಟ ಉಂಡು ಅವರೆಲ್ಲ ಮೈತುಂಬಿಕೊಂಡರಂತೆ, ಬರ್ಲಿನ್ನಿನ ದೃಶ್ಯಗಳಿಗೆ ಹೊಂದಲೆಂದು ಮತ್ತೆ ಅರೆಹೊಟ್ಟೆಯಲ್ಲಿಟ್ಟು ತೂಕ ಇಳಿಸಬೇಕಾಯಿತಂತೆ.

ಇನ್ನೊಂದು ವಿವರಣೆ ನಿರ್ದೇಶಕನ ಬದುಕಿನದು. 1946ರಲ್ಲಿ ರೊಸೆಲಿನಿಯ ಮಗ ರೊಮಾನೊ ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ, ಚಿತ್ರ ಅವನಿಗೇ ಅರ್ಪಿತವಾಗಿದೆ. ಎಡ್ಮಂಡನ ಪಾತ್ರಕ್ಕೆ ಸರ್ಕಸ್ಸಿನಲ್ಲಿ ಸಿಕ್ಕ ಎಡ್ಮಂಡ್ ಮೆಶ್ಕೆ ಎಂಬ ಹುಡುಗನನ್ನು ಆರಿಸಿದ್ದೂ ಅವನಲ್ಲಿ ಮಗನ ಹೋಲಿಕೆ ಕಂಡಿದ್ದಕ್ಕೆ. ಚಿತ್ರದುದ್ದಕ್ಕೂ ಕ್ಯಾಮೆರಾ ಆ ಹುಡುಗನ ಬೆನ್ನು ಬಿಡದಿರುವುದಕ್ಕೆ ಇದು ಕಾರಣವಿರಬಹುದು. ಹಾರಿದ್ದಕ್ಕೆ ಕಾರಣವನ್ನು ಮಾತ್ರ ಕಥೆಯೊಳಗೇ ಹುಡುಕಬೇಕು.

ಚಿತ್ರದಲ್ಲಿ ನನಗೆ ಒಗ್ಗದ ಅಂಶವೂ ಇದೆ. ಹೆನ್ನಿಂಗನ ಪಾತ್ರವನ್ನು ಹುಡುಗರ ಮೇಲೆ ಕಣ್ಣಿಟ್ಟವನಂತೆ ಚಿತ್ರಿಸಿ, ನಾಜಿತನವನ್ನೂ ಆ ವಿಕೃತಿಯನ್ನೂ ಒಂದೇ ಮೈಗೆ ಅಂಟಿಸಿದ್ದು ಅಗ್ಗದ ಉಪಾಯ. ಅದರಿಂದ ನೋಡುವವರ ಸಿಟ್ಟೆಲ್ಲ ಅವನ ಮೇಲೇ ಸುರಿದುಹೋಗುತ್ತದೆ, ಉಳಿದವರು ಸುಲಭವಾಗಿ ಪಾರಾಗುತ್ತಾರೆ.

ನನ್ನ ಸಿಟ್ಟು ಇರುವುದು ಕಾರ್ಲ್‌ಹೈಂಜನ ಮೇಲೆ. ಹೀಗೆಂದಾಗಲೆಲ್ಲ ಎದುರಿಗಿದ್ದವರು ಅವನ ಪರ ವಹಿಸುತ್ತಾರೆ: ಹೆದರಿದ ಸೈನಿಕ, ಶಿಬಿರದ ಭಯ, ವಯಸ್ಸೂ ಚಿಕ್ಕದು. ಅವೆಲ್ಲ ನಿಜ. ಆದರೆ ಆ ಮನೆಯ ಲೆಕ್ಕವನ್ನು ಬದಲಿಸುವ ಶಕ್ತಿ ಯಾರ ಕೈಯಲ್ಲಾದರೂ ಇದ್ದಿದ್ದರೆ ಅದು ಅವನ ಕೈಯಲ್ಲಿತ್ತು. ಹೆಸರು ಬರೆಸಿದ್ದರೆ ನಾಲ್ಕನೆಯ ಕಾರ್ಡು ಬರುತ್ತಿತ್ತು, ದುಡಿಯುವ ಎರಡು ಕೈಗಳೂ ಬರುತ್ತಿದ್ದವು, ತಂದೆ ಹೊರೆಯೆಂಬ ಮಾತಿಗೆ ಅಷ್ಟು ಬಲವೂ ಬರುತ್ತಿರಲಿಲ್ಲ. ಕೊನೆಗೆ ಪೊಲೀಸರು ಮನೆ ತಪಾಸಣೆಗೆ ಬಂದ ದಿನ, ತಂದೆ ಆ ಚಹಾ ಕುಡಿದಾದ ಮೇಲೆ, ಅವನು ಶರಣಾಗುತ್ತಾನೆ. ಅವನು ಅಷ್ಟು ಕಾಲ ಹೆದರಿದ್ದ ಶಿಕ್ಷೆ ಯಾವುದೂ ಆಗುವುದಿಲ್ಲ, ವಿಚಾರಿಸಿ ಬಿಟ್ಟುಕಳಿಸುತ್ತಾರೆ.