ಡೈವಿಂಗ್ ಮುಗಿದ ರಾತ್ರಿಯೂ ಕಡಲ ಬದಿಯಲ್ಲೇ ಉಳಿಯಿರಿ

ಸ್ಕೂಬಾ ಡೈವಿಂಗ್‌ಗೆಂದು ಮೈಸೂರಿನಿಂದ ಮುರುಡೇಶ್ವರಕ್ಕೆ ಹೋಗುವ ಎಷ್ಟೋ ಮಂದಿ ನೀರಿಗಿಳಿಯುವ ಹಿಂದಿನ ರಾತ್ರಿಗೆ ಮಾತ್ರ ಕೋಣೆ ಕಾದಿರಿಸುತ್ತಾರೆ. ಬೆಳಿಗ್ಗೆ ನೇತ್ರಾಣಿ ದ್ವೀಪಕ್ಕೆ ಹೋಗಿಬಂದು, ಊಟ ಮುಗಿಸಿ, ಮರುದಿನದ ಕೆಲಸಕ್ಕೆ ತಡವಾಗಬಾರದೆಂದು ಅಂದೇ ಕಾರು ಹತ್ತುತ್ತಾರೆ. ನಾನು ಮತ್ತು ನನ್ನ ತಂಗಿಯ ಮಗ ಹೋದಾಗಲೂ ಯೋಜನೆ ಹಾಗೆಯೇ ಇತ್ತು. ನಾವು ತಂಗಿದ್ದ ಪುಟ್ಟ ರೆಸಾರ್ಟನ್ನು ನೋಡಿಕೊಳ್ಳುತ್ತಿದ್ದ ಹಿರಿಯರು, “ನೀರಿಗಿಳಿದ ದಿನವೇ ಘಟ್ಟ ಹತ್ತುವುದು ಬೇಡ ಮಾರಾಯ್ರೆ, ಇನ್ನೊಂದು ರಾತ್ರಿ ಇದ್ದು ಹೋಗಿ” ಎಂದರು. ಘಟ್ಟದ ಮೇಲಿನ ನಮ್ಮಂಥವರು ಇದರ ಕಾರಣವನ್ನು ತಿಳಿದಿರಲೇಬೇಕು.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಮೈಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು, ಹೆಚ್ಚುತ್ತದೆ. ಆ ಒತ್ತಡದಲ್ಲಿ ಸಿಲಿಂಡರಿನ ಗಾಳಿಯನ್ನು ಉಸಿರಾಡಿದಾಗ ಅದರಲ್ಲಿರುವ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಬಳಿಕ ಗಂಟೆಗಟ್ಟಲೆ ಕಾಲ ಉಸಿರಿನ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಅದು ಪೂರ್ತಿ ಹೊರಹೋಗುವ ಮೊದಲೇ ನಾವು ಗಾಳಿಯ ಒತ್ತಡ ಕಡಿಮೆ ಇರುವ ಎತ್ತರದ ಜಾಗಕ್ಕೆ ಏರಿದರೆ, ಗೋಲಿ ಸೋಡಾ ಒಡೆದಾಗ ಗುಳ್ಳೆಗಳು ಏಳುವಂತೆ ದೇಹದೊಳಗೂ ಗುಳ್ಳೆಗಳಾಗಿ, ಕೀಲು ನೋವು, ಜೋಮು, ತಲೆಸುತ್ತು, ಕೆಲವೊಮ್ಮೆ ಅದಕ್ಕಿಂತ ಗಂಭೀರವಾದ ತೊಂದರೆಯೂ ಬರಬಹುದು. ಒಂದೇ ಸಾಮಾನ್ಯ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದವರು ಕನಿಷ್ಠ 18 ಗಂಟೆ ಕಾದು ವಿಮಾನ ಹತ್ತಬೇಕೆಂಬ ಸಲಹೆ ಇರುವುದು ಇದಕ್ಕಾಗಿಯೇ. ಆ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ನಮ್ಮ ಮೈಸೂರು 750 ಮೀಟರಿಗಿಂತ ಮೇಲಿದೆ; ಸಂಪಾಜೆ ಹತ್ತಿ ಮಡಿಕೇರಿಯ ಮೇಲೆ ಬಂದರಂತೂ 1,100 ಮೀಟರ್ ದಾಟುತ್ತೇವೆ. ಮೊದಲ ಬಾರಿಗೆ ಇಳಿಯುವವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲವಾದ್ದರಿಂದ ಅವರಿಗೆ ಅಪಾಯ ಕಡಿಮೆ, ನಿಜ. ಆದರೂ ಒಂದು ರಾತ್ರಿಯ ಬಾಡಿಗೆ ಉಳಿಸಲು ಅದನ್ನು ಮೈಮೇಲೆ ಎಳೆದುಕೊಳ್ಳುವುದು ಸರಿಯಲ್ಲವೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸದಿರಲೆಂದು ಬೆಳಗಿನ ತಿಂಡಿಗೆ ಬರೀ ಇಡ್ಲಿ ಕೊಟ್ಟಿದ್ದರು. ನೀರಿನಲ್ಲಿ ಮೊದಲ ಕೆಲವು ಮೀಟರುಗಳಲ್ಲೇ ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲನೆ ಗಾಳಿ ಒತ್ತಿದಾಗ ‘ಟಿಕ್’ ಎಂದು ಬಿಡುತ್ತದೆ. ಹೀಗೆ ಮತ್ತೆ ಮತ್ತೆ ಮಾಡುತ್ತ ಇಳಿಯಬೇಕು, ಉಸಿರನ್ನು ಮಾತ್ರ ಎಂದಿಗೂ ಕಟ್ಟಬಾರದು. ಗಿಳಿಮೀನೊಂದು ಹವಳದ ಬಂಡೆಯನ್ನು ಕೆರೆಯುತ್ತಿದ್ದ ಕರಕರ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹುಡುಗ ಕಟ್ಟಿಕೊಂಡಿದ್ದ ಕೆಂಪು ದಾರ ಆಳದಲ್ಲಿ ಕಂದುಗಪ್ಪಾಗಿ ಕಂಡಿತು, ಏಕೆಂದರೆ ನೀರು ಎಲ್ಲಕ್ಕಿಂತ ಮೊದಲು ಕೆಂಪು ಬೆಳಕನ್ನೇ ಹೀರಿಕೊಳ್ಳುತ್ತದೆ. ಇಷ್ಟು ಜೀವ ತುಂಬಿರುವ ಈ ದ್ವೀಪವನ್ನು ನೌಕಾಪಡೆಯು ಗುರಿ ಅಭ್ಯಾಸಕ್ಕೂ ಬಳಸಿದೆ ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಉಳಿದುಕೊಂಡ ಆ ಸಂಜೆ ನಮಗೆ ದೊರೆತದ್ದು ಬಿಡುವು. ರೆಸಾರ್ಟಿನ ಹಿಂದಿನ ತೊಟ್ಟಿಯಲ್ಲಿ ಹುಡುಗರು ಜಾಕೆಟ್ಟು, ರೆಗ್ಯುಲೇಟರುಗಳನ್ನು ಸಿಹಿನೀರಿನಲ್ಲಿ ಅದ್ದಿ ಉಪ್ಪು ತೊಳೆಯುತ್ತಿದ್ದರು. ಆ ಕೆಲಸದಲ್ಲಿ ಅವರಿಗಿದ್ದ ಶ್ರದ್ಧೆಯನ್ನು ನೋಡಿದ ಮೇಲೆ, ನಾವು ಬಾಯಲ್ಲಿ ಕಚ್ಚಿದ್ದ ಆ ಉಪಕರಣದ ಮೇಲೆ ನನಗೆ ಇನ್ನಷ್ಟು ಭರವಸೆ ಮೂಡಿತು. ನೀವು ಹೋಗುವುದಾದರೆ ಕೋಣೆ ಗೊತ್ತುಮಾಡುವ ಮೊದಲು ಅಲ್ಲಿ ಉಪಕರಣಗಳನ್ನು ಹೀಗೆ ನೋಡಿಕೊಳ್ಳುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ, ಅಕ್ಟೋಬರ್ ನಂತರ ಹೊರಡಿ; ವಾರಾಂತ್ಯಕ್ಕೆ ಹೋಗುವವರು ಸೋಮವಾರಕ್ಕೂ ರಜೆ ಹಾಕಿಯೇ ಹೊರಡಿ.