ಗಿಡುಗದ ಟೇಕ್‌ಗಳನ್ನು ಎಣಿಸುವುದು ತಕ್ಕಡಿ

ಬ್ರಿಟನ್ನಿನಲ್ಲಿ ಬೇಟೆಹಕ್ಕಿ ಪಳಗಿಸುವವರ ಬಳಿ ಹೆಚ್ಚಾಗಿ ಕಾಣುವುದು ಹ್ಯಾರಿಸ್ ಗಿಡುಗ. ಅಮೆರಿಕ ಖಂಡದ ಹಕ್ಕಿ. ಕಾಡಿನಲ್ಲೂ ಗುಂಪುಕಟ್ಟಿ ಬೇಟೆಯಾಡುವ ಜಾತಿ, ಹಾಗಾಗಿ ಸಿನಿಮಾ ಶೂಟಿಂಗ್ ಗದ್ದಲಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ಬೆಳಗಿನ ಮೊದಲ ಕೆಲಸ ತೂಕ. ಗಂಡು ಸುಮಾರು 600 ಗ್ರಾಂ ತೂಗುತ್ತದೆ. ಎಷ್ಟು ತೂಕದಲ್ಲಿ ಕರೆದೊಡನೆ ಬರುತ್ತದೆ ಎಂಬುದು ಒಂದೊಂದು ಹಕ್ಕಿಗೂ ಬೇರೆ. ದಿನವೂ ಬರೆದಿಟ್ಟ ಲೆಕ್ಕದಿಂದಲೇ ಅದು ಗೊತ್ತಾಗಬೇಕು. ಇಪ್ಪತ್ತು ಗ್ರಾಂ ಹೆಚ್ಚಿದ್ದರೂ ಸಾಕು, ಮರವೇರಿ ಕೂತು ಪುಕ್ಕ ತೀಡಿಕೊಳ್ಳುತ್ತದೆ, ಯೂನಿಟ್ ಎಲ್ಲ ಕತ್ತೆತ್ತಿ ಕಾಯುತ್ತದೆ. ಹಾಗೆಂದು ಉಪವಾಸ ಕೆಡವುವುದು ದೊಡ್ಡ ತಪ್ಪು. ತೀರಾ ಇಳಿದ ಹಕ್ಕಿ ಕಿರುಚುತ್ತದೆ, ಮಾಂಸದ ಮೇಲೆ ರೆಕ್ಕೆ ಹರಡಿ ಮುಚ್ಚಿಕೊಳ್ಳುತ್ತದೆ; ಚಳಿಗಾಲದಲ್ಲಿ ಜೀವವೇ ಹೋಗಬಹುದು.

ಪ್ರತಿ ಹಾರಾಟಕ್ಕೂ ಒಂದು ಚೂರು ಮಾಂಸ ಕೊಡಬೇಕು, ಹಾಗಾಗಿ ಆ ದಿನದ ಮಾಂಸ ಎಷ್ಟೋ ಟೇಕ್, ಅಂದರೆ ಒಂದೊಂದು ಸಲದ ಚಿತ್ರೀಕರಣ, ಅಷ್ಟೇ. 40 ಗ್ರಾಂ ಮಾಂಸವನ್ನು ನಾಲ್ಕು ಗ್ರಾಮಿನ ಚೂರು ಮಾಡಿದರೆ ಹತ್ತು ಹಾರಾಟ. ಹೊಟ್ಟೆಗೆ ಬಿದ್ದಂತೆಲ್ಲ ಉತ್ಸಾಹ ಇಳಿಯುವುದರಿಂದ ಕೊನೆಯ ಎರಡು ಮೂರನ್ನು ನಂಬಬೇಡಿ. ರಿಹರ್ಸಲ್‌ಗೆ ಹಕ್ಕಿಯನ್ನು ಹಾರಿಸಲೇಬಾರದು. ಕೋಲಿನ ತುದಿಗೆ ಬಟ್ಟೆ ಕಟ್ಟಿ ಅದೇ ದಾರಿಯಲ್ಲಿ ಓಡಿ, ಕ್ಯಾಮೆರಾದವರು ಫೋಕಸ್ ಗುರುತು ಮಾಡಿಕೊಳ್ಳಲಿ. ಅಷ್ಟೂ ಹೊತ್ತು ಹಕ್ಕಿ ಪೆಟ್ಟಿಗೆಯಲ್ಲಿರಲಿ.

ಒಬ್ಬರು ಬಿಡುವವರು, ಇನ್ನೊಬ್ಬರು ಲೆನ್ಸಿನ ಪಕ್ಕದಲ್ಲೇ ಕೈಗವಸಿನಲ್ಲಿ ಮಾಂಸ ಹಿಡಿದು ಕರೆಯುವವರು. ಕರೆಯುವವರು ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಬೇಕು. ಎದುರುಗಾಳಿಗೆ ಹಾರಿದರೆ ಹಕ್ಕಿ ನಿಧಾನವಾಗಿ, ಹಿಡಿತದಲ್ಲಿ ಇಳಿಯುತ್ತದೆ. ನಿರ್ದೇಶಕರು ಕಣ್ಣಿನ ಮಟ್ಟದಲ್ಲಿ ನೇರವಾಗಿ ಬರಲಿ ಎನ್ನುತ್ತಾರೆ. ಅದು ಹಾಗೆ ಬರುವುದಿಲ್ಲ. ಕೈಬಿಟ್ಟ ಕೂಡಲೇ ನೆಲದತ್ತ ಇಳಿದು, ಹುಲ್ಲು ಸವರುವಂತೆ ಬಂದು, ಕೊನೆಯಲ್ಲಿ ಮೇಲೆದ್ದು ಎರಡೂ ಕಾಲು ಮುಂದೆ ಚಾಚುತ್ತದೆ. ಲೆನ್ಸನ್ನು ಮೊಣಕಾಲೆತ್ತರಕ್ಕೆ ಇಳಿಸಿ. ಸೊಗಸೆಲ್ಲ ಅಲ್ಲೇ ಇದೆ.

ಹಾರಿಸುವ ಮೊದಲು ಕಾಲಿನ ಸೀಳುಬಾರು (ಹಕ್ಕಿಯನ್ನು ಕಟ್ಟಿಹಾಕಲು ಬಳಸುವ, ತುದಿಯಲ್ಲಿ ಸೀಳಿರುವ ಪಟ್ಟಿ) ತೆಗೆದು ಸೀಳಿಲ್ಲದ ಸಣ್ಣ ಬಾರು ಹಾಕಿ. ಸೀಳು ಕಡ್ಡಿಗೆ ಸಿಕ್ಕಿಕೊಂಡರೆ ಹಕ್ಕಿ ತಲೆಕೆಳಗಾಗಿ ನೇತಾಡುತ್ತದೆ. ರೋಮದ ಹೊದಿಕೆಯ ಮೈಕ್ ಅದರ ಕಣ್ಣಿಗೆ ಮೊಲವಾಗಿ ಕಾಣಬಹುದು, ದೂರವಿಡಿ.

ನಟರು ಮುಷ್ಟಿಯನ್ನು ಮೊಣಕೈಗಿಂತ ಕೆಳಗಿಳಿಸಬಾರದು. ಹಕ್ಕಿ ಎತ್ತರ ಹುಡುಕುತ್ತದೆ. ಕೈ ಜೋತರೆ ತೋಳು ಹತ್ತಿ ಭುಜಕ್ಕೆ, ಮುಖದ ಪಕ್ಕಕ್ಕೇ ಬರುತ್ತದೆ.

ಒಳ್ಳೆಯ ಟೇಕ್ ಸಿಕ್ಕಿತೇ? ಉಳಿದ ಮಾಂಸವೆಲ್ಲ ಅಲ್ಲೇ ಕೈಗವಸಿನ ಮೇಲೆ ಕೊಟ್ಟುಬಿಡಿ. ಇನ್ನೊಂದು ಬೇಕೆಂದು ಯಾರು ಕೇಳಿದರೂ ಇಲ್ಲ ಎನ್ನಿ.